ಸಿಂಕ್ ಬ್ಲಾಕ್ ಆಯ್ತಾ? ಆಸಿಡ್ ಬಾಟಲಿ ಆಚೆ ಇಡಿ, ಒಂದು ಬಾಲ್ದಿ ತನ್ನಿ

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಅಜ್ಜನ ತಿಥಿಯ ಮರುದಿನ, ನಮ್ಮ ಅಡುಗೆಮನೆಯ ಸಿಂಕ್ ಪೂರ್ತಿ ನಿಂತುಹೋಯಿತು. ಮೂವತ್ತು ಜನರ ಊಟದ ಪಾತ್ರೆ ತೊಳೆದ ನೀರು, ಮೇಲೆ ಎಣ್ಣೆಯ ಕೆನೆ. ನಾನು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಗೆ ಹೋಗಿ ಒಂದು ಬಾಟಲಿ ಆಸಿಡ್ ತಂದು ಸುರಿದೆ. ಬುಸ್ ಅಂತ ಹೊಗೆ ಎದ್ದಿತು, ಕಣ್ಣು ಉರಿಯಿತು, ನೀರು ಮಾತ್ರ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಸಂಜೆ ಪ್ಲಂಬರ್ ಬಂದರು. ಆಸಿಡ್ ಹಾಕಿದ್ದು ಹೇಳಲು ನಾಚಿಕೆಯಾಗಿ ಸುಮ್ನೆ ನಿಂತಿದ್ದೆ. ಅವರು ಸಿಂಕಿನ ಕೆಳಗೆ ನೀರು ನಿಲ್ಲುವ ಭಾಗ, ಅಂದರೆ ಟ್ರ್ಯಾಪ್, ತಿರುಗಿಸಿದ ಕೂಡಲೇ ಆ ನೀರು ಅವರ ಮುಂಗೈ ಮೇಲೆ ಬಿತ್ತು. "ಎಂತ ಹಾಕಿದ್ರಿ ಇದಕ್ಕೆ?" ಅಂತ ಕೇಳುತ್ತಾ ಬಾವಿಕಟ್ಟೆಗೆ ಓಡಿದರು. ದೊಡ್ಡ ಗಾಯ ಆಗಲಿಲ್ಲ, ಆದರೆ ಚರ್ಮ ಕೆಂಪಾಗಿ ಒಂದು ವಾರ ಸುಲಿದಿತ್ತು.

ಟ್ರ್ಯಾಪಿನೊಳಗೆ ಇದ್ದದ್ದು ಇಷ್ಟು: ಪಾತ್ರೆ ತಿಕ್ಕುವ ತೆಂಗಿನ ನಾರು ಒಂದು ಹಿಡಿ, ಅದಕ್ಕೆ ಮೇ ತಿಂಗಳಿಂದ ಅಂಟಿ ಕೂತಿದ್ದ ಹಲಸಿನ ಮೇಣ, ಅದರ ಸುತ್ತ ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆ. ಇದರಲ್ಲಿ ಯಾವುದನ್ನೂ ಆ ಆಸಿಡ್ ಕರಗಿಸಿರಲಿಲ್ಲ. ಬೆರಳು ಹಾಕಿ ಎಳೆದರೆ ಎರಡು ನಿಮಿಷದ ಕೆಲಸ.

ಆಮೇಲೆ ನಮ್ಮ ಮನೆಯದು, ಭಾವನ ಮನೆಯದು, ನೆರೆಕರೆಯ ನಾಲ್ಕೈದು ಮನೆಯದು ಅಂತ ನಾನೇ ತುಂಬ ಸಿಂಕ್ ಬಿಚ್ಚಿದ್ದೇನೆ. ಬ್ಲಾಕ್ ಅಂದರೆ ಒಂದು ವಸ್ತು, ಅದು ಒಂದು ಜಾಗದಲ್ಲಿ ಕೂತಿರುತ್ತದೆ. ಮೊದಲು ಜಾಗ ಹುಡುಕಬೇಕು, ಆಮೇಲೆ ಅದನ್ನು ಕೈಯಲ್ಲೋ ತಂತಿಯಲ್ಲೋ ತೆಗೆಯಬೇಕು. ಬಿಸಿನೀರು, ಸೋಡಾ, ಬೂದಿನೀರು, ಹುಳಿ ಇವೆಲ್ಲ ಉಳಿದ ಜಿಡ್ಡು ತೊಳೆಯುವುದಕ್ಕೆ. ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಈ ಕ್ರಮ ಜಾಸ್ತಿ ಉಲ್ಟಾ ಇರುತ್ತದೆ.

ಸುರಿದದ್ದು ಎಲ್ಲಿಗೆ ಹೋಗುತ್ತದೆ

ಕೆಲಸ ಶುರು ಮಾಡುವ ಮೊದಲು ಒಂದು ಸಲ ಹಿತ್ತಿಲಿಗೆ ಹೋಗಿ ನಿಮ್ಮ ಸಿಂಕಿನ ಪೈಪ್ ಎಲ್ಲಿ ಮುಗಿಯುತ್ತದೆ ನೋಡಿ. ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಅದು ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಹೋಗುತ್ತದೆ. ಕೆಳಗೆ ಇರುವುದು ಮುರಕಲ್ಲು. ತೂತು ತೂತಾದ ಕಲ್ಲು, ನೀರು ಬೇಗ ಇಳಿಯುತ್ತದೆ. ಹತ್ತು ಹೆಜ್ಜೆ ಆಚೆ ಬಾವಿ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಾದರೆ ಗುಡ್ಡದೊಳಗೆ ಕೊರೆದ ಸುರಂಗದ ನೀರು ಕುಡಿಯುವವರೂ ಇದ್ದೀರಿ, ಆ ನೀರು ಇದೇ ಮುರಕಲ್ಲಿನ ಸೆರೆಗಳಿಂದ ಒಸರಿ ಬರುವುದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದದ್ದನ್ನು ಕಂಡ ಜಿಲ್ಲೆ ಇದು. ಅದನ್ನು ದೇಶದಲ್ಲೇ ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ಒಂದು ಬಾಟಲಿ ಆಸಿಡನ್ನು ಅದರ ಪಕ್ಕ ಇಟ್ಟು ಅಳೆಯುವುದು ಸರಿಯಲ್ಲ, ನನಗೂ ಗೊತ್ತು. ಆದರೆ ಸುರಿದ ವಿಷ ಎಲ್ಲಿಗೆ ಇಳಿಯುತ್ತದೆ ಅಂತ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಆ ಸಲ ನಮ್ಮ ಪೈಪಿನ ಬಾಯಲ್ಲಿದ್ದ ಕದಳಿ ಬಾಳೆಯ ಎಲೆಗಳು ಅಂಚಿನಿಂದ ಒಣಗುತ್ತಾ ಬಂದವು.

ಅಂಗಡಿಯ ಡ್ರೈನ್ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ. ನೀರು ಬಿದ್ದರೆ ಅದು ಕುದಿಯುವಷ್ಟು ಬಿಸಿಯಾಗಿ ಹೈಡ್ರೋಜನ್ ಅನಿಲ ಬಿಡುತ್ತದೆ. ಬಾಟಲಿಯ ಆಸಿಡ್ ಜಾಸ್ತಿಯಾಗಿ ಹೈಡ್ರೋಕ್ಲೋರಿಕ್. ಇವೆರಡನ್ನು ಒಂದರ ಮೇಲೊಂದು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ. ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ನೀವು ಈಗಾಗಲೇ ಇಂಥದ್ದು ಏನಾದರೂ ಸುರಿದಿದ್ದರೆ ಈ ಲೇಖನದ ಯಾವ ಹೆಜ್ಜೆಯನ್ನೂ ಇವತ್ತು ಮಾಡಬೇಡಿ. ಪ್ಲಂಜರ್ (ರಬ್ಬರ್ ಕಪ್ಪಿನ ಕೋಲು) ಒತ್ತಬೇಡಿ, ಟ್ರ್ಯಾಪ್ ಬಿಚ್ಚಬೇಡಿ, ಮೇಲೆ ವಿನೆಗರ್ ಸೋಡಾ ಅಂತ ಹಾಕಬೇಡಿ. ಕಿಟಕಿ ತೆರೆದಿಡಿ, ಪ್ಲಂಬರನ್ನು ಕರೆದು ಇದ್ದದ್ದು ಇದ್ದಹಾಗೆ ಹೇಳಿ.

ಸೋಡಾ ಮತ್ತು ವಿನೆಗರ್ ನೊರೆಯ ಬಗ್ಗೆ

ಇದನ್ನು ಮೊದಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದರೆ ಜೋರು ನೊರೆ ಬರುತ್ತದೆ. ನೋಡಲು ಚಂದ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿ ಒಂದನ್ನೊಂದು ಮುಗಿಸುತ್ತವೆ, ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ನೊರೆಯೊಳಗಿನ ಅನಿಲ ಬ್ಲಾಕನ್ನು ತಳ್ಳುವುದಿಲ್ಲ, ಮೇಲೆ ಬಾಯಿ ತೆರೆದಿದೆಯಲ್ಲ, ಅಲ್ಲಿಂದ ಹೊರಗೆ ಹೋಗುತ್ತದೆ. ಲೆಕ್ಕ ನೋಡಿದರೆ 100 ಗ್ರಾಂ ಸೋಡಾ ಪೂರ್ತಿ ಕೆಲಸ ಮಾಡಬೇಕಾದರೆ 5 ಶೇಕಡಾದ ವಿನೆಗರ್ ಸುಮಾರು 1.4 ಲೀಟರ್ ಬೇಕು. ಯಾರು ಅಷ್ಟು ಹಾಕುತ್ತಾರೆ? ಕೂದಲು, ನಾರು, ಮೇಣ, ಗಟ್ಟಿಯಾದ ಎಣ್ಣೆ ಇದರಿಂದ ಕರಗುವುದಿಲ್ಲ. ಆ ನೊರೆ ಆದಮೇಲೆ ಒಂದು ಪಾತ್ರೆ ಬಿಸಿನೀರು ಸುರಿಯಿರಿ ಅಂತ ಹೇಳುತ್ತಾರಲ್ಲ, ಕೆಲಸ ಏನಾದರೂ ಆಗಿದ್ದರೆ ಅದು ಆ ಬಿಸಿನೀರಿನಿಂದ ಆದದ್ದು.

ಎರಡೂ ಪ್ರಯೋಜನ ಇಲ್ಲ ಅಂತಲ್ಲ. ಬೇರೆ ಬೇರೆಯಾಗಿ ಉಪಯೋಗಿಸಿ. ಅಡುಗೆ ಸೋಡಾ ಸಿಂಕಿನ ಬಾಯಿ, ಜಾಲಿ ಉಜ್ಜುವುದಕ್ಕೆ ಮತ್ತು ವಾಸನೆಗೆ ಒಳ್ಳೆಯದು. ವಿನೆಗರ್ ಸುಣ್ಣದ ಕಲೆಗೆ ಒಳ್ಳೆಯದು.

ಜಾಗ ಹುಡುಕುವುದು

ಇದಕ್ಕೆ ಖರ್ಚಿಲ್ಲ, ಐದು ನಿಮಿಷ ಸಾಕು, ಆದರೂ ಯಾರೂ ಮಾಡುವುದಿಲ್ಲ. ಮನೆಯ ಎಲ್ಲ ನಲ್ಲಿ ಒಂದೊಂದಾಗಿ ಬಿಟ್ಟು ನೋಡಿ. ಒಂದೇ ಸಿಂಕ್ ನಿಲ್ಲುತ್ತದೆ, ಉಳಿದದ್ದು ಸರಿ ಇದೆ ಅಂತಾದರೆ ಬ್ಲಾಕ್ ಅದರ ಕೆಳಗಿನ ಟ್ರ್ಯಾಪಿನಲ್ಲಿ ಅಥವಾ ಅಲ್ಲಿಂದ ಒಂದೆರಡು ಅಡಿ ಒಳಗೆ. ಸಿಂಕಿನ ನೀರು ಬಿಟ್ಟಾಗ ಬಚ್ಚಲ ನೆಲದಲ್ಲಿ ಗುಳುಗುಳು ಅಂತ ಗುಳ್ಳೆ ಬಂದರೆ ಎರಡೂ ಸೇರುವ ಪೈಪಿನಲ್ಲಿ ತೊಂದರೆ. ಹೊರಗೆ ಚೇಂಬರ್, ಅಂದರೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ, ಇದ್ದರೆ ಮುಚ್ಚಳ ಎತ್ತಿ. ಚೇಂಬರ್ ಖಾಲಿ ಇದ್ದು ಒಳಗೆ ನೀರು ನಿಂತಿದ್ದರೆ ಬ್ಲಾಕ್ ಮನೆಗೂ ಚೇಂಬರಿಗೂ ನಡುವೆ. ಚೇಂಬರೇ ತುಂಬಿದ್ದರೆ ಅದರಿಂದ ಆಚೆ, ನೀವು ಸಿಂಕ್ ಬಿಚ್ಚಿ ಕೂತರೆ ಇಡೀ ದಿನ ದಂಡ.

ಇನ್ನೊಂದು ಗುರುತು ಸಮಯ. ವಾರಗಟ್ಟಲೆ ನಿಧಾನವಾಗುತ್ತಾ ಬಂದದ್ದು ಎಣ್ಣೆ, ಹಿಟ್ಟು, ಸಾಬೂನಿನ ಪದರ. ನಿನ್ನೆ ಸರಿ ಇತ್ತು, ಇವತ್ತು ಏಕಾಏಕಿ ನಿಂತಿತು ಅಂದರೆ ಏನೋ ವಸ್ತು ಬಿದ್ದಿದೆ. ಚಮಚ, ಬಾಟಲಿ ಮುಚ್ಚಳ, ಗೆರಟೆ ಚೂರು, ಮಗುವಿನ ಆಟದ ಸಾಮಾನು. ವಸ್ತುವಿಗೆ ಬಿಸಿನೀರು ಸೋಡಾ ಹಾಕಿ ಪ್ರಯೋಜನವೇ ಇಲ್ಲ.

ಮಳೆಗಾಲದಲ್ಲಿ ಮಾತ್ರ ಹೀಗಾಗುವುದಾದರೆ ಅದು ಬೇರೆಯೇ ಕಥೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ನೆಲ ನೀರು ಕುಡಿದು ಕುಡಿದು ಇಂಗುಗುಂಡಿಗೆ ಇಳಿಯಲು ಜಾಗವೇ ಇರುವುದಿಲ್ಲ. ಎಲ್ಲ ಬಾಯಿಯೂ ಒಟ್ಟಿಗೆ ನಿಧಾನವಾಗುತ್ತದೆ, ಎರಡು ದಿನ ಬಿಸಿಲು ಬಂದರೆ ತಾನೇ ಸರಿಯಾಗುತ್ತದೆ. ಅದಕ್ಕೆ ಮದ್ದು ಅಂಗಳದ ಮಳೆನೀರು, ಮಾಡಿನ ನೀರು ಗುಂಡಿಗೆ ಹೋಗದ ಹಾಗೆ ಬೇರೆ ತೋಡು ಮಾಡುವುದು.

ಬೇಕಾದ ಸಾಮಾನು

ಬಾಲ್ದಿ, ಹಳೇ ಬೈರಾಸು, ರಬ್ಬರ್ ಕೈಗವಸು, ಟಾರ್ಚ್, ಪ್ಲಂಜರ್, ಹಳೇ ಹಲ್ಲುಜ್ಜುವ ಬ್ರಷ್. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನೊಳಗೆ ತಿರುಗಿಸಿ ಬಿಡುವ ಸ್ಪ್ರಿಂಗ್ ವಯರ್ ಸಿಗುತ್ತದೆ, ಮೂರರಿಂದ ಐದು ಮೀಟರ್ ಉದ್ದದ್ದು ಮನೆಗೆ ಸಾಕು. ಇನ್ನು ವಾಷಿಂಗ್ ಸೋಡಾ. ಇಲ್ಲಿ ಒಂದು ಎಚ್ಚರಿಕೆ. ನಮ್ಮ ಪೇಟೆಗಳಲ್ಲಿ ಅರ್ಧಕ್ಕರ್ಧ ಅಂಗಡಿಯವರು ಮಲಯಾಳ ಮಾತಾಡುವವರು. ಬರೀ ಸೋಡಾ ಪುಡಿ ಅಂತ ಕೇಳಿದರೆ ಅಪ್ಪಕ್ಕಾರಂ ಕೊಡುತ್ತಾರೆ, ಅದು ಅಡುಗೆ ಸೋಡಾ. ನಿಮಗೆ ಬೇಕಾದದ್ದು ಅಲಕ್ಕುಕಾರಂ, ಬಟ್ಟೆ ಒಗೆಯುವ ಸೋಡಾ. ಎರಡೂ ಬಿಳಿ, ಎರಡೂ ಅಗ್ಗ, ಕೆಲಸದಲ್ಲಿ ಮಾತ್ರ ಅಜಗಜಾಂತರ. ಅಡುಗೆ ಸೋಡಾ ನೀರಿನ ಪಿಹೆಚ್ (7ರ ಮೇಲೆ ಹೋದಷ್ಟೂ ಕ್ಷಾರ ಜಾಸ್ತಿ) 8ರ ಮೇಲೆ ಸ್ವಲ್ಪ, ವಾಷಿಂಗ್ ಸೋಡಾದ್ದು 11ರ ಹತ್ತಿರ. ಜಿಡ್ಡು ಬಿಡಿಸುವ ಶಕ್ತಿ ಇರುವುದು ಎರಡನೆಯದಕ್ಕೆ.

ಅಡುಗೆಮನೆ ಸಿಂಕ್, ಹೆಜ್ಜೆ ಹೆಜ್ಜೆಯಾಗಿ

ಮೊದಲು ನಿಂತ ನೀರನ್ನು ಗೆರಟೆಯಲ್ಲೋ ಚೆಂಬಿನಲ್ಲೋ ಮೊಗೆದು ಬಾಲ್ದಿಗೆ ಹಾಕಿ, ನಾಲ್ಕು ಬೆರಳಿನಷ್ಟು ಮಾತ್ರ ಬಿಡಿ. ಜಾಲಿ ತೆಗೆದು ಅದರ ಕೆಳಗೆ ಸಿಕ್ಕಿಕೊಂಡದ್ದನ್ನು ಬೆರಳಿನಿಂದ ತೆಗೆಯಿರಿ. ಎಷ್ಟೋ ಸಲ ಇಲ್ಲೇ ಮುಗಿಯುತ್ತದೆ. ಕಾಯಿತುರಿ, ಕರಿಬೇವಿನ ಕಡ್ಡಿ, ಸಾಸಿವೆ, ನಾರು.

ಆಗಲಿಲ್ಲ ಅಂದರೆ ಪ್ಲಂಜರ್. ಸಿಂಕಿನ ಅಂಚಿನ ಹತ್ತಿರ ಒಂದು ಸಣ್ಣ ತೂತು ಇರುತ್ತದಲ್ಲ, ನೀರು ತುಂಬಿ ಚೆಲ್ಲದಿರಲಿ ಅಂತ ಇಟ್ಟದ್ದು, ಅದನ್ನು ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಮುಚ್ಚಿ. ಜೋಡಿ ಸಿಂಕ್ ಆದರೆ ಇನ್ನೊಂದರ ಬಾಯನ್ನೂ ಮುಚ್ಚಿ. ಇದನ್ನು ಮಾಡದೆ ಒತ್ತಿದರೆ ಗಾಳಿ ಆ ತೂತಿನಲ್ಲಿ ಹೊರಗೆ ಹೋಗುತ್ತದೆ, ನಿಮ್ಮ ರಟ್ಟೆ ನೋಯುವುದೊಂದೇ ಲಾಭ. ಪ್ಲಂಜರಿನ ಅಂಚಿಗೆ ಒಂದಿಷ್ಟು ಎಣ್ಣೆ ಸವರಿ, ಬಾಯಿ ಮೇಲೆ ಸರಿಯಾಗಿ ಕೂರಿಸಿ, ಹದಿನೈದು ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಿ. ಒತ್ತುವಾಗ ನಿಧಾನ ಇರಲಿ, ಎಳೆಯುವಾಗ ಜೋರು. ಬ್ಲಾಕನ್ನು ಒಳಗೆ ತಳ್ಳುವುದಕ್ಕಿಂತ ಅಲ್ಲಾಡಿಸಿ ಮೇಲೆ ತರುವುದು ಒಳ್ಳೆಯದು. ಒಳಗೆ ಹೋದರೆ ಮುಂದಿನ ತಿರುವಿನಲ್ಲಿ ಮತ್ತೆ ಕೂತುಕೊಳ್ಳುತ್ತದೆ, ಅಲ್ಲಿಗೆ ನಿಮ್ಮ ಕೈ ಹೋಗುವುದಿಲ್ಲ.

ಆಮೇಲೆ ಟ್ರ್ಯಾಪ್. ಸಿಂಕಿನ ಕೆಳಗೆ ಲೋಟದ ಹಾಗೆ ಇರುವುದು ಬಾಟಲ್ ಟ್ರ್ಯಾಪ್, ಬಾಗಿದ ಪೈಪ್ ಆದರೆ ಅದರದ್ದೇ ಎರಡು ನಟ್ ಇರುತ್ತವೆ. ಕೆಳಗೆ ಬಾಲ್ದಿ ಇಡಿ. ಇಡಲು ಮರೆಯುವವರು ಬಹಳ ಜನ, ನಾನೂ ಒಮ್ಮೆ. ಬೈರಾಸು ಸುತ್ತಿ ಕೈಯಲ್ಲೇ ತಿರುಗಿಸಿ. ಪ್ಲಾಸ್ಟಿಕ್ ಟ್ರ್ಯಾಪಿಗೆ ದೊಡ್ಡ ಪಾನಾ ಹಾಕಬೇಡಿ, ಹಳೆಯದಾದರೆ ಒಡೆದೇ ಹೋಗುತ್ತದೆ. ಬಿಚ್ಚಿದ ಮೇಲೆ ವಾಷರ್ ಯಾವ ಮುಖ ಮೇಲಿತ್ತು ಅಂತ ನೋಡಿಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ವಾಸಿ. ಒಳಗಿನ ಕೆಸರನ್ನು ಬಾಲ್ದಿಗೆ ಸುರಿದು, ಬ್ರಷ್ಷಿನಿಂದ ತಿಕ್ಕಿ, ಹಿತ್ತಿಲಿನ ನಲ್ಲಿಯಲ್ಲಿ ತೊಳೆಯಿರಿ. ಅದೇ ಸಿಂಕಿನಲ್ಲಿ ತೊಳೆಯಲು ಹೋಗಬೇಡಿ, ಕೆಳಗೆ ಪೈಪ್ ಇಲ್ಲ! ನಗಬೇಡಿ, ಭಾವ ಹಾಗೆಯೇ ಮಾಡಿದ್ದರು.

ಗೋಡೆಯೊಳಗೆ ಹೋಗುವ ಪೈಪಿಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಜಿಡ್ಡು ಕಂಡರೆ ಸ್ಪ್ರಿಂಗ್ ವಯರ್ ನಿಧಾನವಾಗಿ ತಿರುಗಿಸುತ್ತಾ ಒಳಗೆ ಬಿಡಿ. ತಡೆದ ಹಾಗೆ ಅನ್ನಿಸಿದರೆ ಅದು ಬ್ಲಾಕೂ ಇರಬಹುದು, ಎಲ್ಬೋದ ತಿರುವೂ ಇರಬಹುದು. ಜೋರು ಮಾಡದೆ ತಿರುಗಿಸುತ್ತಾ ಇದ್ದರೆ ತಿರುವು ದಾಟುತ್ತದೆ, ಬ್ಲಾಕ್ ಆದರೆ ತುದಿಗೆ ಸಿಕ್ಕಿಕೊಳ್ಳುತ್ತದೆ. ಎಳೆದು ತೆಗೆದು ಒರೆಸಿ ಮತ್ತೆ ಬಿಡಿ. ಎಲ್ಲ ಜೋಡಿಸಿದ ಮೇಲೆ ಕೆಳಗೆ ಒಂದು ಒಣ ಪೇಪರ್ ಹಾಸಿ ನೀರು ಬಿಡಿ. ಹತ್ತು ನಿಮಿಷಕ್ಕೆ ಪೇಪರ್ ಒಣಗಿಯೇ ಇದ್ದರೆ ಸೋರುವುದಿಲ್ಲ ಅಂತ ಲೆಕ್ಕ.

ಬಿಸಿನೀರು ಎಷ್ಟು ಬಿಸಿ ಇರಬೇಕು

ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್ ಜನವರಿಯ ಬೆಳಿಗ್ಗೆ ಬಾಟಲಿಯ ಎಣ್ಣೆ ಬೆಣ್ಣೆ ಥರ ಕೂತಿರುತ್ತದಲ್ಲ, ನಿಮ್ಮ ಪೈಪಿನೊಳಗೂ ಅದೇ ಆಗುತ್ತಿರುತ್ತದೆ. ಹಪ್ಪಳ ಕರಿದ ಬಾಣಲೆ ತೊಳೆದದ್ದು, ಪಲ್ಯದ ಒಗ್ಗರಣೆ, ಹೋಳಿಗೆಯ ತುಪ್ಪ ಎಲ್ಲ ಅಲ್ಲಿ ಪದರ ಪದರವಾಗಿ ಕೂರುತ್ತದೆ, ಅದರ ಮೇಲೆ ದೋಸೆ ಹಿಟ್ಟಿನ ಗ್ರೈಂಡರ್ ತೊಳೆದ ನೀರು ಮತ್ತು ಕುಚ್ಚಲಕ್ಕಿಯ ತೆಳಿ (ಅನ್ನ ಬಸಿದ ಗಂಜಿನೀರು). ತೆಳಿ ಬಿಸಿ ಇದ್ದಾಗ ನೀರಿನ ಹಾಗೆ ಓಡುತ್ತದೆ, ತಣಿದರೆ ಅಂಟು. ನಮ್ಮ ಕಡೆಯ ಸಿಂಕಿನ ಬ್ಲಾಕ್ ಅಂದರೆ ಮುಕ್ಕಾಲು ಪಾಲು ಇದೇ ಎಣ್ಣೆ ಮತ್ತು ಗಂಜಿ. ಹಾಗಾಗಿ ಇಲ್ಲಿ ಬಿಸಿನೀರಿನ ಕೆಲಸ ದೊಡ್ಡದು.

ಆದರೆ ಕುದಿಯುವ ನೀರನ್ನು ನೇರ ಸುರಿಯಬೇಡಿ. ಪಿವಿಸಿ ಪೈಪ್ 75ರಿಂದ 80 ಡಿಗ್ರಿ ಹತ್ತಿರ ಮೆತ್ತಗಾಗಲು ಶುರು, ಜೋಡಣೆಗಳು ಸಡಿಲವಾಗುತ್ತವೆ. ಚೀನಿ ಮಣ್ಣಿನ ವಾಷ್ ಬೇಸಿನ್ ಆದರೆ ಬಿರುಕು ಬಿಡಬಹುದು. ಅಳತೆ ಸುಲಭ. ಕುದಿಯುವ ನೀರು ಒಂದು ಪಾತ್ರೆ, ಬಾವಿ ನೀರು ಅದೇ ಪಾತ್ರೆಯಲ್ಲಿ ಒಂದು. ಬೆರೆಸಿದರೆ 60ರಿಂದ 65 ಡಿಗ್ರಿಗೆ ಬರುತ್ತದೆ. ಎಣ್ಣೆ ಕರಗಲು ಅಷ್ಟು ಧಾರಾಳ ಸಾಕು. ಬಚ್ಚಲಲ್ಲಿ ಹಂಡೆ ಇರುವ ಮನೆಯವರಿಗೆ ಇನ್ನೂ ಸುಲಭ, ಹಂಡೆಯ ನೀರೇ ಹೆಚ್ಚುಕಡಿಮೆ ಆ ಹದದಲ್ಲಿರುತ್ತದೆ. ಒಂದು ಚೆಂಬು ಸುರಿದು ನಿಲ್ಲಿಸಬೇಡಿ. ಸ್ವಲ್ಪ ಬಿಸಿನೀರು ಎಣ್ಣೆಯನ್ನು ಕರಗಿಸಿ ಎರಡು ಮೀಟರ್ ಆಚೆ ಕೊಂಡುಹೋಗಿ ಅಲ್ಲಿ ಮತ್ತೆ ಗಟ್ಟಿ ಮಾಡುತ್ತದೆ. ಒಂದೂವರೆ ಎರಡು ಬಾಲ್ದಿ ಒಂದೇ ಸಮನೆ ಹೋಗಬೇಕು.

ವಾಷಿಂಗ್ ಸೋಡಾ, ಬೂದಿನೀರು

ನೀರು ಹೋಗುತ್ತಿದೆ, ಆದರೆ ನಿಧಾನ ಅನ್ನುವಾಗ ಇದು. ಪೂರ್ತಿ ನಿಂತ ಪೈಪಿಗೆ ಹಾಕಿದರೆ ಸೋಡಾ ಮೇಲೆಯೇ ನಿಂತು ಕರಗದ ಗಟ್ಟಿಯಾಗಿ ಕೂರುತ್ತದೆ. ಒಂದು ಲೀಟರ್ ಬಿಸಿನೀರಿಗೆ ಅರ್ಧ ಲೋಟ, ಅಂದರೆ ಸುಮಾರು 100 ಗ್ರಾಂ ವಾಷಿಂಗ್ ಸೋಡಾ ಹಾಕಿ ಪೂರ್ತಿ ಕರಗಿಸಿ. ಪುಡಿಯನ್ನು ಹಾಗೆಯೇ ಪೈಪಿಗೆ ಸುರಿಯಬೇಡಿ. ಮಲಗುವ ಮೊದಲು ಎರಡು ಮೂರು ಕಂತಿನಲ್ಲಿ ಬಿಡಿ, ಅರ್ಧ ಗಂಟೆ ಬಿಟ್ಟು ಒಂದು ಬಾಲ್ದಿ ಬಿಸಿನೀರು ಸುರಿಯಿರಿ. ಎಣ್ಣೆ ಸ್ವಲ್ಪ ಸಾಬೂನಾಗುತ್ತದೆ, ಉಳಿದದ್ದು ಸಡಿಲವಾಗಿ ನೀರಿನೊಂದಿಗೆ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ, ಪಾತ್ರೆ ಕಪ್ಪಾಗುತ್ತದೆ. ವಿಷವಲ್ಲ ಅಂತ ಬರಿಗೈ ಹಾಕಬೇಡಿ, ಚರ್ಮ ಸುಡುತ್ತದೆ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಪೈಪಿನ ಬಾಯಿ ಗಿಡದ ಬುಡದಲ್ಲಿದ್ದರೆ ಆ ದಿನ ಒಂದು ತುಂಡು ಪೈಪ್ ಹಾಕಿ ಆಚೆ ತಿರುಗಿಸಿ, ಸೋಡಿಯಂ ಗಿಡಕ್ಕೆ ಒಳ್ಳೆಯದಲ್ಲ.

ನನಗೆ ಇದಕ್ಕಿಂತ ಇಷ್ಟ ಬೂದಿನೀರು. ಅಜ್ಜಿಯ ಕಾಲದಲ್ಲಿ ಪಾತ್ರೆ ತಿಕ್ಕಿದ್ದೇ ಬೂದಿಯಲ್ಲಿ. ಕಟ್ಟಿಗೆ, ತೆಂಗಿನ ಮಡಲು, ಅಡಿಕೆ ಹಾಳೆ ಸುಟ್ಟ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ವಾಷಿಂಗ್ ಸೋಡಾದ ಖಾಸಾ ತಮ್ಮ ಅನ್ನಿ. ಬಚ್ಚಲ ಒಲೆಯ ಬೂದಿ ಜರಡಿ ಹಿಡಿದು ಒಂದು ಗೆರಟೆಗೆ ನಾಲ್ಕು ಗೆರಟೆ ಬಿಸಿನೀರು ಹಾಕಿ ಕಲಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ. ಜಾರುವ ಹಾಗೆ ಇದ್ದರೆ ಸರಿಯಾಗಿ ಇಳಿದಿದೆ ಅಂತ ಅರ್ಥ, ಕೈಗವಸಿನಲ್ಲೇ ಗೊತ್ತಾಗುತ್ತದೆ. ಅದನ್ನು ಬಿಸಿ ಮಾಡಿ ಸೋಡಾದ ಹಾಗೆಯೇ ಉಪಯೋಗಿಸಿ. ಬೂದಿಯನ್ನೇ ಸಿಂಕಿಗೆ ಹಾಕಿದರೆ ಮಾತ್ರ ಕೆಟ್ಟಿರಿ, ಅದು ತಳದಲ್ಲಿ ಕೂತು ಸಿಮೆಂಟಿನ ಹಾಗೆ ಆಗುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡವೇ ಬೇಡ. ಇದರ ಒಂದು ಲಾಭ ಏನೆಂದರೆ, ಸಾಕಷ್ಟು ನೀರು ಬೆರೆತು ಹೊರಗೆ ಹೋದರೆ ಬಾಳೆಗೆ ಅದು ಪೊಟ್ಯಾಷ್ ಗೊಬ್ಬರ.

ಹಲಸಿನ ಮೇಣಕ್ಕೆ ಬೇರೆಯೇ ದಾರಿ

ಇದನ್ನು ಯಾವ ಪ್ಲಂಬಿಂಗ್ ಪುಸ್ತಕದಲ್ಲೂ ನಾನು ನೋಡಿಲ್ಲ, ಆದರೆ ಏಪ್ರಿಲಿನಿಂದ ಜೂನಿನವರೆಗೆ ನಮ್ಮ ಮನೆಗಳಲ್ಲಿ ಇದೇ ದೊಡ್ಡ ಉಪದ್ರ. ಹಲಸಿನಕಾಯಿ ಕೊರೆದು ಕೈಗೆ ಎಣ್ಣೆ ಹಚ್ಚಿ ಉಜ್ಜಿ ಸಿಂಕಿನಲ್ಲಿ ತೊಳೆಯುತ್ತೇವೆ. ಕೈಯಿಂದ ಹೋದ ಮೇಣ ಟ್ರ್ಯಾಪಿನ ಗೋಡೆಗೆ ಅಂಟುತ್ತದೆ, ಮುಂದೆ ಬಂದ ನಾರು, ಕೂದಲು, ಕಾಯಿತುರಿ ಎಲ್ಲ ಅದಕ್ಕೆ. ನೀರಿಗೆ ಕರಗದು, ಸೋಡಾಕ್ಕೆ ಕರಗದು. ಟ್ರ್ಯಾಪ್ ಬಿಚ್ಚಿ, ಬಟ್ಟೆಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಚಮಚದ ಹಿಂಬದಿಯಿಂದ ಕೆರೆದು ಪೇಪರಿನಲ್ಲಿ ಸುತ್ತಿ ಒಲೆಗೆ ಹಾಕಿ. ಆಮೇಲೆ ಬಿಸಿನೀರು. ಇನ್ನು ಮುಂದೆ ಹಲಸು ಕೊರೆಯುವ ದಿನ ಕೈಯನ್ನು ಮೊದಲು ಪೇಪರಿಗೆ ಒರೆಸಿ, ಅಂಗಳದಲ್ಲೇ ತೊಳೆಯಿರಿ.

ಬಚ್ಚಲಿನ ನೆಲ

ಇಲ್ಲಿ ಖಳನಾಯಕ ಕೂದಲು. ಎಣ್ಣೆ ಹಚ್ಚಿ ಸ್ನಾನ ಮಾಡಿದ ತಲೆಯ ಕೂದಲು, ಸಾಬೂನು, ಅಂಟುವಾಳದ ಚರಟ, ತೋಟದಿಂದ ಬಂದ ಕಾಲಿನ ಕೆಮ್ಮಣ್ಣು ಸೇರಿ ಹಗ್ಗ ಹೊಸೆದ ಹಾಗಾಗುತ್ತದೆ. ನೆಲದ ಜಾಲಿಯ ಕೆಳಗೆ ಇರುವುದಕ್ಕೆ ನಹಾನಿ ಟ್ರ್ಯಾಪ್ ಅಂತಾರೆ. ಜಾಲಿ ಎತ್ತಿದರೆ ಒಳಗೆ ಎತ್ತಿ ತೆಗೆಯಬಹುದಾದ ಒಂದು ಕಪ್ ಹೆಚ್ಚಿನವುಗಳಲ್ಲಿ ಇರುತ್ತದೆ. ಹತ್ತು ವರ್ಷದಿಂದ ಆ ಮನೆಯಲ್ಲಿ ಇದ್ದು ಅದು ಇರುವುದೇ ಗೊತ್ತಿಲ್ಲದವರನ್ನು ನೋಡಿದ್ದೇನೆ. ಅದನ್ನು ತೆಗೆದು ತೊಳೆದು ಮತ್ತೆ ಇಡಲೇಬೇಕು. ಇಡದಿದ್ದರೆ ನೀರು ಚೆನ್ನಾಗಿ ಹೋಗುತ್ತದೆ, ಜೊತೆಗೆ ಜಿರಳೆ ಮತ್ತು ವಾಸನೆ ಚೆನ್ನಾಗಿ ಬರುತ್ತದೆ.

ಆಳದ ಕೂದಲಿಗೆ ಒಂದು ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ಒಂದು ಬೆರಳು ಅಗಲದ ಉದ್ದ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ ಮೀನಿನ ಮುಳ್ಳಿನ ಹಾಗೆ ಓರೆ ಕಚ್ಚು ಹಾಕಿ. ಒಳಗೆ ಬಿಟ್ಟು ತಿರುಗಿಸಿ ಎಳೆದರೆ ಕೂದಲು ಕಚ್ಚಿಕೊಂಡು ಬರುತ್ತದೆ. ಹಿಡಿಸೂಡಿಯ ಕಡ್ಡಿ ಹಾಕಿ ಕೆದಕುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಬೇಡ. ಒಳಗೆ ಮುರಿದರೆ ಅದೇ ಹೊಸ ಬ್ಲಾಕಿಗೆ ಅಸ್ತಿಭಾರ.

ವಾಷ್ ಬೇಸಿನಿಗೂ ಹೀಗೆಯೇ, ಜೊತೆಗೆ ಎಲೆಯಡಿಕೆ ತಿನ್ನುವವರ ಮನೆಯಾದರೆ ಸುಣ್ಣ ಮತ್ತು ಅಡಿಕೆ ಚೂರು. ಸುಣ್ಣ ಗಾಳಿ ತಾಗಿ ಗಟ್ಟಿ ಪೊರೆಯಾಗುತ್ತದೆ. ಇಲ್ಲಿ ವಿನೆಗರ್ ಅಥವಾ ನಿಂಬೆರಸ ನಿಜವಾಗಿ ಕೆಲಸ ಮಾಡುತ್ತದೆ, ಸೋಡಾ ಬೆರೆಸದೆ ಹಾಕಿ, ಒಂದು ಗಂಟೆ ಬಿಟ್ಟು ಬ್ರಷ್ಷಿನಲ್ಲಿ ತಿಕ್ಕಿ. ಬೋರ್‌ವೆಲ್ ನೀರಿನ ಕಬ್ಬಿಣದ ಕೆಂಪು ಕಲೆಗೆ ಬಿಂಬುಳಿ ಜಜ್ಜಿ ಉಜ್ಜುವುದು ಒಳ್ಳೆಯದು, ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಬಿಡಿಸುತ್ತದೆ. ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೃದು, ಹಾಗಾಗಿ ಬಯಲುಸೀಮೆಯ ಹಾಗೆ ಪೈಪಿನೊಳಗೆ ಬಿಳಿ ಕಲ್ಲು ಕಟ್ಟುವುದು ನಮ್ಮಲ್ಲಿ ಅಪರೂಪ. ಅಡಿಕೆಯ ಮಹಾಳಿಗೆ (ಕೊಳೆರೋಗಕ್ಕೆ) ಮದ್ದು ಬಿಟ್ಟ ದಿನ, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬಾಲ್ದಿ, ಸೋಸುವ ಬಟ್ಟೆಗಳನ್ನು ಬಚ್ಚಲಲ್ಲಿ ತೊಳೆಯುವವರಿದ್ದಾರೆ. ಸುಣ್ಣದ ಗಸಿ ತಳದಲ್ಲಿ ಕೂರುತ್ತದೆ, ಮೈಲುತುತ್ತು ಗುಂಡಿಗೆ ಹೋಗುತ್ತದೆ. ಅದನ್ನು ತೋಟದಲ್ಲೇ ಮುಗಿಸಿ ಬನ್ನಿ.

ಟಾಯ್ಲೆಟ್ ಬ್ಲಾಕಿಗೆ ಈ ಯಾವ ಪುಡಿಯೂ ಬೇಡ, ಅದಕ್ಕೇ ಇರುವ ಪ್ಲಂಜರ್ ಸಾಕು. ಸೆಪ್ಟಿಕ್ ಟ್ಯಾಂಕಿನ ಒಳಗೆ ಇಳಿಯುವ ಮಾತೇ ಇಲ್ಲ, ಯಾರನ್ನೂ ಇಳಿಸುವ ಮಾತೂ ಇಲ್ಲ. ಒಳಗಿನ ಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ, ರಕ್ಷಣಾ ಸಾಧನ ಇಲ್ಲದೆ ಯಾರನ್ನಾದರೂ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ ಕೂಡ.

ಹೊರಗಿನ ತುದಿ

ಒಳಗೆ ಎಲ್ಲ ತೆರೆದರೂ ನೀರು ನಿಧಾನ ಅಂದರೆ ಪೈಪಿನ ಹೊರಬಾಯಿ ನೋಡಿ. ಬಾಳೆಯ ಬೇರು ತೇವ ಹುಡುಕಿಕೊಂಡು ಪೈಪಿನೊಳಗೇ ನುಗ್ಗುತ್ತದೆ, ತರಗೆಲೆ ಮುಚ್ಚಿರುತ್ತದೆ, ಏಡಿ ಮಣ್ಣು ತೋಡಿ ಹಾಕಿರುತ್ತದೆ, ಒಮ್ಮೆ ನಮ್ಮಲ್ಲಿ ಇಲಿ ಗೂಡು ಕಟ್ಟಿತ್ತು. ಬೇರನ್ನು ಕತ್ತಿಯಿಂದ ಕಡಿದು ಎಳೆಯಿರಿ, ಬಾಯನ್ನು ನೆಲದಿಂದ ಒಂದು ಗೇಣು ಮೇಲೆ ಎತ್ತಿ ಕೆಳಗೆ ಒಂದು ಚಪ್ಪಡಿ ಇಡಿ. ಪೈಪ್ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಇರಬೇಕು. ನಡುವೆ ಎಲ್ಲಾದರೂ ಜಗ್ಗಿದ್ದರೆ ಅಲ್ಲಿ ಪ್ರತಿ ಸಲ ಎಣ್ಣೆ ನಿಲ್ಲುತ್ತದೆ, ಎಷ್ಟು ಬೂದಿನೀರು ಹಾಕಿದರೂ ಅಷ್ಟೇ. ತೋಟದ ಪಂಪಿನ ಹೋಸ್ ಹಾಕಿ ಹೊರಗಿನಿಂದ ಒಳಗೆ ನೀರು ಹೊಡೆಯುವ ಆಸೆ ಬರುತ್ತದೆ. ಹೊಡೆಯುವ ಮೊದಲು ಒಳಗಿನ ಟ್ರ್ಯಾಪ್ ಬಿಚ್ಚಿ ಬಾಲ್ದಿ ಇಟ್ಟು ಒಬ್ಬರು ನಿಲ್ಲಿ. ಭಾವ ಅದನ್ನೂ ಮಾಡದೆ ಹೊಡೆದು, ಅಡುಗೆಮನೆಯ ಮಾಡಿಗೆ ಸಾಂಬಾರಿನ ಅಭಿಷೇಕ ಆಗಿತ್ತು.

ವಾಸನೆ, ಬಯೋ ಎಂಜೈಮ್

ನೀರು ಸರಿಯಾಗಿ ಹೋಗುತ್ತದೆ, ಆದರೆ ನಾತ ಅಂದರೆ ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರು ಒಣಗಿದೆ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ ಮೇಲಿನ ಬಚ್ಚಲು ಖಾಲಿ ಬಿದ್ದ ಮನೆಗಳಲ್ಲಿ ಇದು ಮಾಮೂಲು. ಎರಡು ಚೆಂಬು ನೀರು ಹಾಕಿ, ಮೇಲೆ ಒಂದು ಚಮಚ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ. ಬಯೋ ಎಂಜೈಮ್, ಅಂದರೆ ಹಣ್ಣಿನ ಸಿಪ್ಪೆ ಹುಳಿ ಬರಿಸಿದ ನೀರು, ಮಾಡುವವರಿಗೆ ಅಳತೆ ಗೊತ್ತೇ ಇರುತ್ತದೆ. ಬೆಲ್ಲ ಒಂದು ಪಾಲು, ನಿಂಬೆ ಅಥವಾ ಅನಾನಸು ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು, ಮೂರು ತಿಂಗಳು. ಪ್ಲಾಸ್ಟಿಕ್ ಡಬ್ಬದಲ್ಲೇ ಮಾಡಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಇಲ್ಲದಿದ್ದರೆ ಡಬ್ಬ ಒಡೆಯುತ್ತದೆ. ನನ್ನ ಅನುಭವದಲ್ಲಿ ಅದು ಬ್ಲಾಕ್ ತೆಗೆಯುವುದಿಲ್ಲ. ತಿಂಗಳಿಗೊಮ್ಮೆ ರಾತ್ರಿ ಒಂದು ಲೋಟ ಬಿಟ್ಟರೆ ವಾಸನೆ ಕಡಿಮೆ, ಅಷ್ಟೇ.

ದಿನದ ಅಭ್ಯಾಸದಲ್ಲಿ ಎರಡೇ ಸಾಕು. ಎಣ್ಣೆ ಬಾಣಲೆಯನ್ನು ತೊಳೆಯುವ ಮೊದಲು ಪೇಪರಿನಿಂದ ಒರೆಸುವುದು, ಮತ್ತು ತೆಳಿಯನ್ನು ದನಕ್ಕೋ ತೆಂಗಿನ ಬುಡಕ್ಕೋ ಕೊಡುವುದು. ಅಮ್ಮ ಈಗ ತೆಂಗಿನ ನಾರು ಬಿಟ್ಟು ಸ್ಟೀಲಿನ ಜುಂಗಿಗೆ ಬಂದಿದ್ದಾರೆ, ಅದರದ್ದೂ ಚೂರು ಉದುರುತ್ತದೆ ಅಂತ ನಾನು ಇನ್ನೂ ಹೇಳಿಲ್ಲ.

ಪ್ಲಂಬರನ್ನು ಯಾವಾಗ ಕರೆಯಬೇಕು

ಟ್ರ್ಯಾಪ್ ಬಿಚ್ಚಿ, ವಯರ್ ಹಾಕಿ, ಹೊರಗಿನ ಬಾಯಿಯನ್ನೂ ನೋಡಿ ಆಗದಿದ್ದರೆ ಕರೆಯಿರಿ. ನೆಲದಡಿಯ ಪೈಪ್ ಒಡೆದಿರಬಹುದು. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಹೇಳಿದರೂ ಬ್ಲಾಕ್ ಅಂದರೆ ಬ್ಲಾಕೇ, ಭಾಷೆಯ ತೊಂದರೆ ಇಲ್ಲ. ಯಾವ ಬಾಯಿ ನಿಂತಿದೆ, ಯಾವಾಗಿನಿಂದ, ನೀವು ಏನೇನು ಸುರಿದಿದ್ದೀರಿ, ಇದನ್ನು ಅವರು ಬಗ್ಗುವ ಮೊದಲು ಹೇಳಿ. ಬಂದದ್ದೇ ಬಂದಿದ್ದಾರೆ, ಸಿಂಕಿನ ಪೈಪ್ ಗೋಡೆಯಿಂದ ಹೊರಗೆ ಬಂದು ತಿರುಗುವ ಕಡೆ ಸಾದಾ ಎಲ್ಬೋ ತೆಗೆದು ಒಂದು ಡೋರ್ ಬೆಂಡ್ ಹಾಕಿಸಿಕೊಳ್ಳಿ. ಅದಕ್ಕೆ ತಿರುಗಿಸಿ ತೆಗೆಯುವ ಮುಚ್ಚಳ ಇರುತ್ತದೆ. ಮುಂದಿನ ಸಲ ಅಲ್ಲಿಂದಲೇ ವಯರ್ ಬಿಡಬಹುದು.